ಮೂರನೇ ಡೌನ್‌ನಲ್ಲಿ ಅವನು ಎಲ್ಲಿರುತ್ತಾನೆ ನೋಡು

ಪುಟ್ಟಾ, ನಿನ್ನ ಮೆಸೇಜ್ ಈಗ ಕೇಳಿದೆ. ನಮ್ಮ ಫ್ಯಾಂಟಸಿ ಲೀಗ್‌ನ ರೂಕಿ ಡ್ರಾಫ್ಟ್‌ನಲ್ಲಿ, ಅಂದ್ರೆ ಹೊಸ ಆಟಗಾರರನ್ನು ಸರದಿ ಪ್ರಕಾರ ಆರಿಸಿಕೊಳ್ಳುವಾಗ, 40 ಗಜದ ಓಟದಲ್ಲಿ ಎಲ್ಲರಿಗಿಂತ ಜೋರಾಗಿ ಓಡಿದ ರನ್ನಿಂಗ್ ಬ್ಯಾಕ್‌ನನ್ನೇ ತೆಗೆದುಕೊಂಡುಬಿಡಲಾ ಅಂತ ಕೇಳಿದ್ದೀಯ. ಬೇಡ ಕಣೋ, ಸ್ವಲ್ಪ ತಡಿ.

ದೊಡ್ಡಪ್ಪಾ, ಇದೇನು ಅಂತ ನೀವೂ ಕೇಳಿದ್ರಲ್ಲ. ಅಮೆರಿಕನ್ ಫುಟ್‌ಬಾಲ್‌ನಲ್ಲಿ ಚೆಂಡನ್ನು ಅವುಚಿಕೊಂಡು ಗುಂಪಿನೊಳಗೆ ನುಗ್ಗುವವನೇ ರನ್ನಿಂಗ್ ಬ್ಯಾಕ್. ಅವನು ನಿಜವಾದ ಮ್ಯಾಚ್‌ನಲ್ಲಿ ಆಡಿದ್ದಕ್ಕೆ ನಮಗೆ ಪಾಯಿಂಟ್ ಬರುತ್ತದೆ, ಡ್ರೀಮ್ ಇಲೆವೆನ್ ತರಹ.

ಈಗ ಓಟದ ವಿಷಯ. ಟೈಮ್ ಒಂದನ್ನೇ ನೋಡಬೇಡ, ತೂಕದ ಜೊತೆ ಸೇರಿಸಿ ನೋಡು. ಜೊನಾಥನ್ ಟೇಲರ್ ಅನ್ನೋ ರನ್ನಿಂಗ್ ಬ್ಯಾಕ್ 226 ಪೌಂಡ್ ಇದ್ದುಕೊಂಡು 4.39 ಸೆಕೆಂಡಿಗೆ ಓಡಿದ. ಅಷ್ಟು ಭಾರದವನಿಗೆ ಅದು ದೊಡ್ಡ ಮಾತು. 2020ರಲ್ಲಿ ಅಲ್ಲಿನ ದೊಡ್ಡ ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ತಂಡಗಳು ಕಾಲೇಜ್ ಹುಡುಗರನ್ನು ಆರಿಸುವ ಡ್ರಾಫ್ಟ್‌ನಲ್ಲಿ, ಕಾನ್ಸಾಸ್ ಸಿಟಿಯವರು ಅವನನ್ನು ಬಿಟ್ಟು ಕ್ಲೈಡ್ ಎಡ್ವರ್ಡ್ಸ್-ಹೆಲೇರ್‌ನನ್ನು 32ನೆಯವನಾಗಿ ಆರಿಸಿದರು. ಟೇಲರ್ 41ನೆಯವನಾಗಿ ಇಂಡಿಯಾನಾಪೊಲಿಸ್‌ಗೆ ಹೋದ. 2021ರಲ್ಲಿ 1,811 ಗಜ ಓಡಿ ಇಡೀ ಲೀಗ್‌ಗೆ ಮೊದಲು ಬಂದವನು ಅವನೇ.

ಆದರೆ ನಾನು ಎಲ್ಲಕ್ಕಿಂತ ಜಾಸ್ತಿ ನೋಡುವುದು ಮೂರನೇ ಡೌನ್, ಅಂದ್ರೆ ಹತ್ತು ಗಜ ಮುಂದೆ ಹೋಗೋಕೆ ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು. ಇನ್ನೂ ಏಳೆಂಟು ಗಜ ಬೇಕು, ಎಲ್ಲರಿಗೂ ಗೊತ್ತು ಈಗ ಪಾಸ್ ಅಂತ. ಆಗ ನಿನ್ನ ಹುಡುಗ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಪಕ್ಕದಲ್ಲಿ ಇದ್ದಾನಾ, ಬೆಂಚಿನಲ್ಲಿ ಕೂತಿದ್ದಾನಾ? ಎದುರು ತಂಡದ ಡಿಫೆನ್ಸ್‌ನ ಲೈನ್‌ಬ್ಯಾಕರ್ ನಡುವಿನಿಂದ ನುಗ್ಗಿ ಬಂದಾಗ ಎದುರು ಹೋಗಿ ಎದೆ ಕೊಟ್ಟು ತಡೆಯುತ್ತಾನಾ, ಇಲ್ಲ ಪಕ್ಕಕ್ಕೆ ಸರಿಯುತ್ತಾನಾ? ಸರಿದುಬಿಟ್ಟರೆ ಕ್ವಾರ್ಟರ್‌ಬ್ಯಾಕ್ ನೆಲಕ್ಕೆ. ಅಂಥವನನ್ನು ಯಾವ ಕೋಚ್ ಮೈದಾನದಲ್ಲಿ ಇಟ್ಟುಕೊಳ್ಳುತ್ತಾನೆ, ಹೇಳು?

ಕೈರನ್ ವಿಲಿಯಮ್ಸ್ 4.65 ಓಡಿದವನು, ನಿಧಾನ. 2022ರಲ್ಲಿ 164ನೆಯವನಾಗಿ ರ್ಯಾಮ್ಸ್ ತಂಡಕ್ಕೆ ಬಂದ. ಆದರೆ ಕಾಲೇಜಿನಿಂದಲೂ ಬ್ಲಾಕ್ ಮಾಡುವುದರಲ್ಲಿ, ಅಂದ್ರೆ ಹಾಗೆ ಎದುರು ನಿಂತು ತಡೆಯುವುದರಲ್ಲಿ, ಗಟ್ಟಿ. 2023ರಲ್ಲಿ 12 ಮ್ಯಾಚ್‌ನಲ್ಲೇ 1,144 ಗಜ ಓಡಿದ.

ಇನ್ನೊಂದು, ನಮ್ಮ ಲೀಗ್‌ನಲ್ಲಿ ಕ್ಯಾಚಿಗೆ ಒಂದು ಪಾಯಿಂಟ್ ಇದೆ. ಹತ್ತು ಗಜ ಓಡಿದರೆ ಒಂದು, ಅದೇ ಹತ್ತು ಗಜ ಕ್ಯಾಚ್ ಹಿಡಿದು ಹೋದರೆ ಎರಡು. ಅದಕ್ಕೇ ಬಕಿ ಇರ್ವಿಂಗ್ ಅಂದ್ರೆ ನನಗೆ ತುಂಬಾ ಇಷ್ಟ. 2024ರಲ್ಲಿ 125ನೆಯವನಾಗಿ ಟ್ಯಾಂಪಾ ಬೇಗೆ ಹೋದ ಚಿಕ್ಕ ಆಳು. ಮೊದಲ ವರ್ಷವೇ 1,122 ಗಜ, ಮೇಲೆ 47 ಕ್ಯಾಚ್.

ಹಾಗಂತ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ಎಷ್ಟನೆಯವನಾಗಿ ಹೋದ ಅನ್ನೋದನ್ನು ತಳ್ಳಿಹಾಕಬೇಡ. ಬಿಜಾನ್ ರಾಬಿನ್ಸನ್‌ನನ್ನು 8ನೆಯವನಾಗಿ ಆರಿಸಿದ ಅಟ್ಲಾಂಟಾ ಅವನನ್ನು ಸುಮ್ನೆ ಕೂರಿಸಲಿಲ್ಲ. ಮೇಲಿನ ಆಯ್ಕೆ ಅಂದ್ರೆ ಅವಕಾಶ ಮೊದಲು ಸಿಗುತ್ತದೆ, ಅಷ್ಟೇ. ಕೆಳಗಿನವನು ಅದನ್ನು ಕಿತ್ತುಕೊಳ್ಳಬೇಕು.

ನಿನ್ನ ಪಟ್ಟಿಯಲ್ಲಿರುವ ಮೂವರ ಕಾಲೇಜ್ ಆಟದ ವಿಡಿಯೋ ಇವತ್ತು ರಾತ್ರಿ ನೋಡು. ಹೈಲೈಟ್ಸ್ ಬೇಡ, ಪೂರ್ತಿ ಮ್ಯಾಚ್. ಬರೀ ಮೂರನೇ ಡೌನ್‌ಗಳನ್ನು ಓಡಿಸಿಕೊಂಡು ನೋಡಿದರೂ ಸಾಕು. ಯಾರು ನಿಂತು ತಡೆದ, ಯಾರ ಕಡೆ ಚೆಂಡು ಬಂತು ಅಂತ ಬರೆದು ಇಲ್ಲೇ ಹಾಕು, ಡ್ರಾಫ್ಟ್‌ಗೆ ಮೊದಲು ಫೋನ್ ಮಾಡುತ್ತೇನೆ.