ತೇಉಮ್ ದೇಹವೂ ಚಿಕ್ಕಮ್ಮನ ಬಿಪಿಯೂ

ದೊಡ್ಡ ಮಾವ: ಕೊರಿಯಾದ ಸಾಸಾಂಗ್ ವೈದ್ಯದ ಬಗ್ಗೆ ನಾನು ಹಾಕಿರುವ ಲೇಖನವನ್ನು ಎಲ್ಲರೂ ಓದಿ. ದೇಹಪ್ರಕೃತಿ ನಾಲ್ಕು ಬಗೆಯೆಂದೂ, ಅವುಗಳಲ್ಲಿ ಸ್ಥೂಲ ಮೈಕಟ್ಟಿನ ತೇಉಮ್ ಪ್ರಕೃತಿಯವರಲ್ಲಿ ಸಕ್ಕರೆ ಕಾಯಿಲೆ ಮತ್ತು ಬಿಪಿ ಹೆಚ್ಚೆಂದೂ ಅಲ್ಲಿಯವರು ಸಮೀಕ್ಷೆಗಳಿಂದಲೇ ತೋರಿಸಿದ್ದಾರೆ. ನಮ್ಮ ವಾತ, ಪಿತ್ತ, ಕಫ ಹೇಳುವುದೂ ಇದನ್ನೇ ಅಲ್ಲವೇ?

ಚಿಕ್ಕಮ್ಮ: ಅಲ್ಲಿ ಬರೆದಿರುವುದೆಲ್ಲ ನನ್ನದೇ ಲಕ್ಷಣ. ದಪ್ಪ ಸೊಂಟ, ನಾಲ್ಕು ಹೆಜ್ಜೆ ನಡೆದರೆ ಬೆವರು. ತೂಕ ಇಳಿಸಲು ಹೇಳಿರುವ ತೇಉಮ್ ಜೋವಿ ಕಷಾಯವನ್ನು ತರಿಸಿಕೊಳ್ಳೋಣವೆಂದಿದ್ದೇನೆ.

ವೀಣಾ: ಚಿಕ್ಕಮ್ಮ, ದಯವಿಟ್ಟು ತರಿಸಬೇಡಿ. ಆ ಕಷಾಯದಲ್ಲಿ ಜವೆಯಂಥ ಒಂದು ಕಾಳು, ಚೆಸ್ಟ್‌ನಟ್, ಮೂಲಂಗಿ ಬೀಜ ಇವುಗಳ ಜೊತೆಗೆ ಎಫಿಡ್ರಾ ಎಂಬ ಗಿಡದ ಕಾಂಡವೂ ಸೇರುತ್ತದೆ. ಅದರಲ್ಲಿರುವ ಎಫಿಡ್ರಿನ್ ಹಸಿವನ್ನು ತಗ್ಗಿಸುವುದು ನಿಜ, ಆದರೆ ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸುತ್ತದೆ. ನೀವು ಬೆಳಿಗ್ಗೆ ನುಂಗುವ ಮಾತ್ರೆ ಇಳಿಸಿದ್ದನ್ನು ಇದು ಮತ್ತೆ ಮೇಲಕ್ಕೆ ತಳ್ಳುತ್ತದೆ.

ದೊಡ್ಡ ಮಾವ: ಯಾವ ದೇಹಕ್ಕೆ ಯಾವ ಮದ್ದೆಂದು ನೋಡಿ ಕೊಡುವುದೇ ಆ ಪದ್ಧತಿಯ ಹೆಚ್ಚುಗಾರಿಕೆ ವೀಣಾ. ನೂರಿಪ್ಪತ್ತು ವರ್ಷಕ್ಕೂ ಹಳೆಯದನ್ನು ಒಂದೇ ಮಾತಿಗೆ ತಳ್ಳಿಹಾಕಬೇಡ.

ವೀಣಾ: ತಳ್ಳಿಹಾಕುತ್ತಿಲ್ಲ ಮಾವ. ಸಾಸಾಂಗ್ ಪದ್ಧತಿಯನ್ನು ರೂಪಿಸಿದ ವೈದ್ಯ ಲೀ ಜೆ-ಮಾ 1894ರಲ್ಲಿ ತಮ್ಮ ಗ್ರಂಥವನ್ನು ಬರೆದಾಗ, ತೇಉಮ್ ದೇಹದಲ್ಲಿ ಯಕೃತ್ತು ಬಲವಾಗಿ ಶ್ವಾಸಕೋಶ ದುರ್ಬಲವಾಗಿರುತ್ತದೆ, ನಾಲ್ಕರಲ್ಲಿ ಇನ್ನೊಂದಾದ ತೇಯಾಂಗ್ ದೇಹದಲ್ಲಿ ಅದು ತಿರುವುಮುರುವು ಎಂದು ವಿಂಗಡಿಸಿದ್ದರು. ಒಬ್ಬನಿಗೆ ಒಗ್ಗಿದ ಮದ್ದು ಇನ್ನೊಬ್ಬನಿಗೆ ಏಕೆ ಒಗ್ಗುವುದಿಲ್ಲ ಎಂಬ ಅವರ ಪ್ರಶ್ನೆಯನ್ನು ನಾನೂ ಗೌರವಿಸುತ್ತೇನೆ. ಒಬ್ಬನೇ ರೋಗಿಯನ್ನು ಇಬ್ಬರು ವೈದ್ಯರು ಬೇರೆ ಬೇರೆ ಪ್ರಕೃತಿಯವನೆಂದು ಹೇಳುವ ತೊಡಕನ್ನು ಅಲ್ಲಿನ ಸಂಶೋಧಕರೂ ಮುಚ್ಚಿಡಲಿಲ್ಲ. ದೇಜಾನ್ ನಗರದ ಕೊರಿಯನ್ ವೈದ್ಯ ಸಂಶೋಧನಾ ಸಂಸ್ಥೆ ಮುಖ, ಧ್ವನಿ, ಮೈಕಟ್ಟಿನ ಅಳತೆ ಮತ್ತು ಪ್ರಶ್ನಾವಳಿಯನ್ನು ಕೂಡಿಸಿ ಪ್ರಕೃತಿಯನ್ನು ಗುರುತಿಸುವ ಒಂದು ಸಾಧನವನ್ನೇ ರೂಪಿಸಿತು. ಅದು ಪ್ರಾಮಾಣಿಕವಾದ ಕೆಲಸ.

ನನ್ನ ತಕರಾರು ನೀವು ಹಾಕಿದ ಲೇಖನದ ತೀರ್ಮಾನದ ಮೇಲೆ. ತೇಉಮ್ ಎಂದು ಗುರುತಿಸುವುದಕ್ಕೆ ಸೊಂಟದ ಸುತ್ತಳತೆಯೂ ಸ್ಥೂಲ ಮೈಕಟ್ಟೂ ಆಧಾರವಾಗಿರುವಾಗ, ಆ ಗುಂಪಿನಲ್ಲಿ ಸಕ್ಕರೆ ಕಾಯಿಲೆ ಹೆಚ್ಚು ಸಿಕ್ಕಿದರೆ ಅದರಲ್ಲಿ ಎಷ್ಟು ಪಾಲು ಬೊಜ್ಜಿನದು, ಎಷ್ಟು ಪ್ರಕೃತಿಯದು ಎಂದು ಬೇರ್ಪಡಿಸಬೇಕು. ಒಳ್ಳೆಯ ಅಧ್ಯಯನಗಳು ತೂಕ, ವಯಸ್ಸುಗಳ ಲೆಕ್ಕ ತೆಗೆದು ನೋಡುತ್ತವೆ. ಆ ಮೇಲೂ ವ್ಯತ್ಯಾಸ ಉಳಿದರೆ ಅದು ಯಾರಿಗೆ ಅಪಾಯ ಹೆಚ್ಚೆಂದು ಹೇಳೀತೇ ಹೊರತು, ಯಾವ ಕಷಾಯ ಗುಣ ಕೊಡುತ್ತದೆಂದು ಹೇಳುವುದಿಲ್ಲ. ಅದಕ್ಕೆ ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಪ್ರಕೃತಿ ನೋಡಿ, ಇನ್ನೊಂದಕ್ಕೆ ನೋಡದೆ ಮದ್ದು ಕೊಟ್ಟು, ಯಾರಿಗೆ ಯಾವುದು ಸಿಕ್ಕಿತೆಂದು ತಿಳಿಯದವರಿಂದ ಫಲವನ್ನು ಅಳೆಸಬೇಕು. ನಿಮ್ಮ ಲೇಖನದಲ್ಲಿ ಅಂಥ ಪ್ರಯೋಗ ಒಂದೂ ಇಲ್ಲ.

ದೊಡ್ಡ ಮಾವ: ಹಾಗಾದರೆ ನಮ್ಮ ದೆಹಲಿಯ ವಿಜ್ಞಾನಿಗಳು ಆಯುರ್ವೇದದ ಪ್ರಕೃತಿಗೂ ಜೀನುಗಳಿಗೂ ನಂಟು ಕಂಡದ್ದು?

ವೀಣಾ: ಕೇಂದ್ರ ಸರ್ಕಾರದ ಸಂಶೋಧನಾ ಮಂಡಳಿಯಾದ ಸಿಎಸ್‌ಐಆರ್‌ನ ಸಂಸ್ಥೆಯ 2008ರ ಆ ಕೆಲಸ ನನಗೂ ಮೆಚ್ಚುಗೆಯೇ. ಪ್ರಕೃತಿ ಎದ್ದು ಕಾಣುವ ಆರೋಗ್ಯವಂತರನ್ನು ಆರಿಸಿ, ರಕ್ತದ ಅಂಶಗಳಲ್ಲೂ ಜೀನುಗಳ ಚಟುವಟಿಕೆಯಲ್ಲೂ ವ್ಯತ್ಯಾಸವಿದೆಯೆಂದು ಅವರು ತೋರಿಸಿದರು. ಅವರು ಯಾರಿಗೂ ಔಷಧ ಕೊಟ್ಟು ನೋಡಿದ ಅಧ್ಯಯನ ಅದಲ್ಲ.

ಚಿಕ್ಕಮ್ಮ: ನಿನ್ನೆ ಸಂಜೆ ಬಿಪಿ 150 ಇತ್ತು ಕಣೇ. ತರಿಸುವುದಿಲ್ಲ ಬಿಡು.

ದೊಡ್ಡ ಮಾವ: ಎಫಿಡ್ರಾ ವಿಷಯ ನನಗೆ ಗೊತ್ತಿರಲಿಲ್ಲ. ಲೇಖನದ ಕೊನೆಯಲ್ಲಿದ್ದ ಕಷಾಯದ ಕೊಂಡಿಯನ್ನು ಅಳಿಸುತ್ತೇನೆ, ಉಳಿದ ಚರ್ಚೆ ಭಾನುವಾರ ಮುಖಾಮುಖಿಯಾಗಲಿ.