ಎಸ್‌ಎಸ್‌ಡಿ ಬದಲಾಯಿಸಿದ ಮೇಲೆ ಫೈರ್‌ವಾಲ್ ಬೂಟ್ ಆಗಲು ಒದ್ದಾಡುತ್ತಿದೆ, ಇಎನ್‌ಪಿ1ಎಸ್0 ಕಾಣೆಯಾಗಿದೆ

ಲ್ಯಾಬ್_ಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಮ್ಮ ಶಾಲೆಯ ಕಂಪ್ಯೂಟರ್ ಲ್ಯಾಬಿಗೆ ನಾಲ್ಕು ಲ್ಯಾನ್ ಪೋರ್ಟ್ ಇರುವ ಒಂದು ಚಿಕ್ಕ ಪಿಸಿಯನ್ನೇ ಫೈರ್‌ವಾಲ್ ಮಾಡಿಕೊಂಡಿದ್ದೇನೆ. ಡೆಬಿಯನ್ 12 ಲಿನಕ್ಸ್, ಟ್ರಾಫಿಕ್ ತಡೆಯುವ ರೂಲ್‌ಗಳಿಗೆ ಎನ್‌ಎಫ್‌ಟೇಬಲ್ಸ್, ಮಷೀನ್‌ಗಳಿಗೆ ವಿಳಾಸ ಹಂಚಲು ಡಿಎನ್‌ಎಸ್‌ಮಾಸ್ಕ್, ಅಷ್ಟೇ. ಇಷ್ಟು ದಿನ ಒಂದು ಸಲವೂ ಕೈಕೊಟ್ಟಿರಲಿಲ್ಲ.

ಹಳೆ ಸಾಟಾ ಎಸ್‌ಎಸ್‌ಡಿ ಎರರ್ ತೋರಿಸಲು ಶುರು ಮಾಡಿತು ಅಂತ ಶನಿವಾರ ಒಂದು ಎನ್‌ವಿಎಂಇ ಎಸ್‌ಎಸ್‌ಡಿ ತಂದು ಹಾಕಿದೆ. ಡಿಸ್ಕ್ ನಕಲು ಮಾಡುವ ಕ್ಲೋನ್‌ಜಿಲ್ಲಾದಿಂದ ಎಲ್ಲ ಕಾಪಿ ಮಾಡಿದೆ. ಹಳೆಯದನ್ನೂ, ಜೊತೆಗೆ ಲಾಗ್ ಮತ್ತು ಸ್ವಾಪ್ (ರಾಮ್ ಸಾಲದಾಗ ಬಳಸುವ ಜಾಗ) ಇದ್ದ ಇನ್ನೊಂದು ಹಾರ್ಡ್ ಡಿಸ್ಕನ್ನೂ ಬಿಚ್ಚಿಟ್ಟೆ. ಆನ್ ಮಾಡಿದರೆ 'ಸ್ಟಾರ್ಟ್ ಜಾಬ್ ಈಸ್ ರನ್ನಿಂಗ್' ಅಂತ ಒಂದೂವರೆ ನಿಮಿಷ ನಿಂತು, ಆಮೇಲೆ ಎಮರ್ಜೆನ್ಸಿ ಮೋಡ್‌ಗೆ ಹೋಯಿತು. ಬೂಟ್ ಆಗುವಾಗ ಹಚ್ಚುವ ಡಿಸ್ಕ್‌ಗಳ ಪಟ್ಟಿಯಾದ ಎಫ್‌ಎಸ್‌ಟ್ಯಾಬ್‌ನಲ್ಲಿ ಲಾಗ್ ಡಿಸ್ಕಿನ ಸಾಲನ್ನು ಕಾಮೆಂಟ್ ಮಾಡಿದ ಮೇಲೆ ಲಾಗಿನ್ ತನಕ ಬರುತ್ತದೆ, ಆದರೆ ಈಗಲೂ ತುಂಬ ನಿಧಾನ.

ದೊಡ್ಡ ತಲೆನೋವು ನೆಟ್‌ವರ್ಕ್. ಮೊದಲು 1ನೇ ಪೋರ್ಟ್, ಅಂದರೆ ಲಿನಕ್ಸ್ ಇಎನ್‌ಪಿ1ಎಸ್0 ಅಂತ ಕರೆಯುವುದು, ಫೈಬರ್ ಮೋಡೆಮ್‌ಗೆ. 2ನೆಯದು ಲ್ಯಾಬಿಗೆ, ಅಲ್ಲಿ 192.168.10ರ ಸಾಲು. 3ನೆಯದು ವೈಫೈಗೆ, 192.168.20ರ ಸಾಲು. ಈಗ ಇಎನ್‌ಪಿ1ಎಸ್0 ಇಲ್ಲವೇ ಇಲ್ಲ. ವಿಚಿತ್ರ ಅಂದರೆ ಲ್ಯಾಬಿನ ಮಷೀನ್‌ಗಳಿಗೆ 20ರ ವಿಳಾಸ ಬರುತ್ತಿದೆ, ವೈಫೈಗೆ ಏನೂ ಬರುತ್ತಿಲ್ಲ. ಕೇಬಲ್ ಒಂದನ್ನೂ ಅದಲುಬದಲು ಮಾಡಿಲ್ಲ, ಮೂರು ಸಲ ನೋಡಿದ್ದೇನೆ. 1ನೇ ಪೋರ್ಟ್ ಸುಟ್ಟುಹೋಯಿತಾ? ಸೋಮವಾರ ಮಕ್ಕಳಿಗೆ ಪ್ರಾಕ್ಟಿಕಲ್ ಇದೆ, ಯಾರಾದರೂ ದಾರಿ ತೋರಿಸಿ.

ಕರಾವಳಿ_ರೂಟ್:

ಪೋರ್ಟ್ ಸುಟ್ಟಿಲ್ಲ ಸರ್, ಹೆಸರು ಸರಿದಿದೆ. ಬೂಟ್ ಮಾಡಿಸುವ ಗ್ರಬ್‌ನ ಕರ್ನೆಲ್ ಸಾಲಿಗೆ ನೆಟ್.ಇಫ್‌ನೇಮ್ಸ್=0 ಅಂತ ಸೇರಿಸಿ, ಅಪ್‌ಡೇಟ್-ಗ್ರಬ್ ಓಡಿಸಿ. ಹಳೆ ಕಾಲದ ಹಾಗೆ ಇಥ್0, ಇಥ್1 ಅಂತ ಬರುತ್ತವೆ. ಕಾನ್ಫಿಗ್‌ನಲ್ಲಿ ಅವನ್ನೇ ಬರೆದರೆ ಮುಗಿಯಿತು. ನಾನು ಮನೆಯಲ್ಲಿ ಹೀಗೇ ಇಟ್ಟುಕೊಂಡಿದ್ದೇನೆ.

ಪ್ಯಾಕೆಟ್_ಪಯಣಿಗ:

ಮೇಷ್ಟ್ರೇ, ಬೇರೆ ಏನೇ ಮಾಡುವ ಮೊದಲು ಮೋಡೆಮ್ ಕೇಬಲ್ ಕಿತ್ತಿಡಿ. ಯಾಕೆ ಅಂತ ಕೆಳಗೆ ಹೇಳುತ್ತೇನೆ.

ಇಎನ್‌ಪಿ1ಎಸ್0 ಅನ್ನುವುದರಲ್ಲಿ ಪಿ1 ಅಂದರೆ ಪಿಸಿಐ (ಕಾರ್ಡ್‌ಗಳು ಮದರ್‌ಬೋರ್ಡಿಗೆ ಸೇರುವ ದಾರಿ) ಬಸ್ 1, ಎಸ್0 ಅಂದರೆ ಸ್ಲಾಟ್ 0. ಅದು ಕಾರ್ಡ್ ಕೂತ ಜಾಗದ ಹೆಸರು, ಕಾರ್ಡಿನದಲ್ಲ. ನಿಮ್ಮ ಹೊಸ ಎನ್‌ವಿಎಂಇ ಕೂಡ ಪಿಸಿಐ ಸಾಧನವೇ. ಬೂಟ್ ಆಗುವಾಗ ಅದು ಮೊದಲು ಸಿಕ್ಕಿ ಬಸ್ 1 ಅನ್ನು ತೆಗೆದುಕೊಂಡಿದೆ, ಪೋರ್ಟ್‌ಗಳೆಲ್ಲ ಒಂದೊಂದು ಮನೆ ಮುಂದಕ್ಕೆ ಹೋಗಿವೆ. ಪಿಸಿಐ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಪಿಸಿಐ ಓಡಿಸಿ, 01:00.0 ಎದುರು ಡಿಸ್ಕ್ ಕಾಣಿಸುತ್ತದೆ. ಲ್ಯಾಬಿಗೆ 20ರ ವಿಳಾಸ ಬರುತ್ತಿರುವುದೂ ಇದರಿಂದಲೇ: ಲ್ಯಾಬಿನ ಕೇಬಲ್ ಇರುವ 2ನೇ ಪೋರ್ಟಿಗೆ ಈಗ ಇಎನ್‌ಪಿ3ಎಸ್0 ಅಂತ ಹೆಸರು, ಅಂದರೆ ನೀವು ವೈಫೈಗೆ ಅಂತ ಬರೆದ ಕಾನ್ಫಿಗ್ ಅದರ ಮೇಲೆ ಬಿದ್ದಿದೆ. ಹಾಗೆಯೇ ನಿಮ್ಮ ಲ್ಯಾಬಿನ ಡಿಎಚ್‌ಸಿಪಿ ಈಗ ಮೋಡೆಮ್ ಕಡೆಗೆ ವಿಳಾಸ ಹಂಚಲು ಕೂತಿದೆ.

ಈಗ ನನಗೆ ಹೆದರಿಕೆ ಆಗುವ ಜಾಗ. ಲೋಡ್ ಆಗಿರುವ ರೂಲ್‌ಗಳನ್ನು ತೋರಿಸುವ ಎನ್‌ಎಫ್‌ಟಿ ಲಿಸ್ಟ್ ರೂಲ್‌ಸೆಟ್ ಅಂತ ಹಾಕಿ, ಏನು ಬರುತ್ತದೆ ಹೇಳಿ.

ಲ್ಯಾಬ್_ಮೇಷ್ಟ್ರು:

ಕೇಬಲ್ ಕಿತ್ತಿದ್ದೇನೆ. ಲಿಸ್ಟ್ ಖಾಲಿ ಬಂತು ಸರ್! ಒಂದು ಸಾಲೂ ಇಲ್ಲ. ಸರ್ವಿಸ್ ಸ್ಟೇಟಸ್‌ನಲ್ಲಿ ಫೇಲ್ಡ್ ಅಂತಿದೆ, ಇಂಟರ್‌ಫೇಸ್ ಇಲ್ಲ ಅನ್ನುವ ಎರರ್. ನನ್ನ ರೂಲ್‌ಗಳಲ್ಲಿ ಒಳಬರುವ ಪೋರ್ಟ್ ಹೇಳಲು ಎಲ್ಲ ಕಡೆ ಐಐಎಫ್ ಇಎನ್‌ಪಿ1ಎಸ್0 ಅಂತ ಬರೆದಿದ್ದೇನೆ.

ಪ್ಯಾಕೆಟ್_ಪಯಣಿಗ:

ಅಂದುಕೊಂಡ ಹಾಗೇ ಆಯಿತು. ಐಐಎಫ್ ಅಂತ ಬರೆದರೆ ರೂಲ್ ಲೋಡ್ ಆಗುವ ಹೊತ್ತಿಗೇ ಆ ಇಂಟರ್‌ಫೇಸ್ ಇರಬೇಕು, ಯಾಕೆಂದರೆ ಅದು ಹೆಸರನ್ನು ಇಂಡೆಕ್ಸ್ ನಂಬರಿಗೆ ಬದಲಾಯಿಸಿ ಇಟ್ಟುಕೊಳ್ಳುತ್ತದೆ. ಒಂದು ಸಾಲು ತಪ್ಪಿದರೆ ಇಡೀ ಫೈಲೇ ಲೋಡ್ ಆಗುವುದಿಲ್ಲ. ಆಗ ಕರ್ನೆಲ್ ಎಲ್ಲ ಟ್ರಾಫಿಕ್ಕನ್ನೂ ತಡೆಯದೆ ಒಳಬಿಡುತ್ತದೆ. ಕರ್ನೆಲ್ ಸೆಟ್ಟಿಂಗ್ ಇರುವ ನಿಮ್ಮ ಸಿಸ್‌ಸಿಟಿಎಲ್ ಫೈಲಿನಲ್ಲಿ ಐಪಿ ಫಾರ್ವರ್ಡ್ 1 (ಒಂದು ಪೋರ್ಟಿನಿಂದ ಇನ್ನೊಂದಕ್ಕೆ ಟ್ರಾಫಿಕ್ ದಾಟಿಸು) ಅಂತ ಇದ್ದರೆ, ಹೆಸರು ಮಾತ್ರ ತಿದ್ದಿ ಇಂಟರ್ನೆಟ್ ಹಚ್ಚಿದ್ದರೆ, ಮಕ್ಕಳ ಲ್ಯಾಬಿನ ಮುಂದೆ ಬಾಗಿಲೇ ಇಲ್ಲದ ಪೆಟ್ಟಿಗೆ ಇರುತ್ತಿತ್ತು. ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಸಮೇತ.

ಎಲ್ಲ ಕಡೆ ಒಳಬರುವುದಕ್ಕೆ ಐಐಎಫ್‌ನೇಮ್, ಹೊರಹೋಗುವುದಕ್ಕೆ ಓಐಎಫ್‌ನೇಮ್ ಅಂತ ಬರೆಯಿರಿ. ಅವು ಬರೀ ಹೆಸರನ್ನು ಹೋಲಿಸುತ್ತವೆ, ಇಂಟರ್‌ಫೇಸ್ ಆಮೇಲೆ ಬಂದರೂ ತೊಂದರೆ ಇಲ್ಲ. ಡೆಬಿಯನ್‌ನಲ್ಲಿ ಎನ್‌ಎಫ್‌ಟೇಬಲ್ಸ್ ಸರ್ವಿಸ್ ನೆಟ್‌ವರ್ಕಿಗಿಂತ ಮೊದಲೇ ಏಳುತ್ತದೆ, ಹಾಗಾಗಿ ಕನೆಕ್ಷನ್ ಆದ ಮೇಲಷ್ಟೇ ಹುಟ್ಟುವ ಪಿಪಿಪಿ0 ಇಂಟರ್‌ಫೇಸ್ ಬಳಸುವವರಿಗಂತೂ ಇದು ಬೇಕೇ ಬೇಕು.

ಹೆಸರಿನ ವಿಷಯಕ್ಕೆ ಬಂದರೆ, ಕರಾವಳಿಯವರ ದಾರಿ ಒಂದೇ ಪೋರ್ಟ್ ಇರುವ ಮಷೀನಿಗೆ ಸರಿ. ನಾಲ್ಕು ಪೋರ್ಟ್ ಇರುವಲ್ಲಿ ನಾನು ಒಪ್ಪುವುದಿಲ್ಲ. ಇಥ್0 ಯಾವುದು ಅನ್ನುವುದು ಕರ್ನೆಲ್‌ಗೆ ಯಾವುದು ಮೊದಲು ಸಿಕ್ಕಿತು ಅನ್ನುವುದರ ಮೇಲೆ ನಿಂತಿದೆ, ಪ್ರತಿ ಸಲವೂ ಅದೇ ಕ್ರಮ ಅಂತ ಭರವಸೆ ಇಲ್ಲ. ಈ ತೊಂದರೆಗೇ ಅಲ್ವಾ 2013ರಲ್ಲಿ ಲಿನಕ್ಸಿನ ಸರ್ವಿಸ್‌ಗಳನ್ನು ಎಬ್ಬಿಸುವ ಸಿಸ್ಟಮ್‌ಡಿಯ 197ನೇ ಆವೃತ್ತಿಯಲ್ಲಿ ಈ ಹೊಸ ಹೆಸರುಗಳು ಬಂದದ್ದು. ಫೈರ್‌ವಾಲ್‌ನಲ್ಲಿ ಒಳಗಿನದು ಹೊರಗಿನದಾಗಬಾರದು.

ನೀವೇ ಹೆಸರಿಡಿ. ಇಟಿಸಿ ಒಳಗೆ ಸಿಸ್ಟಮ್‌ಡಿ, ಅದರೊಳಗೆ ನೆಟ್‌ವರ್ಕ್ ಫೋಲ್ಡರ್. ಅಲ್ಲಿ 10-ವ್ಯಾನ್.ಲಿಂಕ್ ಅಂತ ಒಂದು ಫೈಲ್ ಮಾಡಿ (ವ್ಯಾನ್ ಅಂದರೆ ಇಂಟರ್ನೆಟ್ ಕಡೆಯ ಪೋರ್ಟ್). ಮ್ಯಾಚ್ ಭಾಗದಲ್ಲಿ ಪರ್ಮನೆಂಟ್‌ಮ್ಯಾಕ್‌ಅಡ್ರೆಸ್ ಎದುರು ಆ ಪೋರ್ಟಿನ ಮ್ಯಾಕ್ ವಿಳಾಸ (ಕಾರ್ಖಾನೆಯಲ್ಲೇ ಕೊಟ್ಟ ಗುರುತು), ಲಿಂಕ್ ಭಾಗದಲ್ಲಿ ನೇಮ್ ಎದುರು ವ್ಯಾನ್0. ಹೀಗೆ ಒಂದೊಂದು ಪೋರ್ಟಿಗೂ ಒಂದೊಂದು ಫೈಲ್. ಸುಮ್ನೆ ಮ್ಯಾಕ್‌ಅಡ್ರೆಸ್ ಅಂತ ಬರೆದರೆ ಮುಂದೆ ವಿಎಲ್‌ಎಎನ್ (ಒಂದೇ ಪೋರ್ಟಿನ ಮೇಲೆ ಬೇರೆ ನೆಟ್‌ವರ್ಕ್) ಮಾಡಿದಾಗ ಅದಕ್ಕೂ ಅದೇ ಮ್ಯಾಕ್ ಇರುವುದರಿಂದ ಹೆಸರಿಗೆ ಜಗಳ ಬೀಳುತ್ತದೆ, ಅದಕ್ಕೇ ಪರ್ಮನೆಂಟ್. ಇಥ್ ಅಂತ ಶುರುವಾಗುವ ಹೆಸರು ಬೇಡ, ಕರ್ನೆಲ್ ಕೊಡುವ ಹೆಸರಿಗೆ ಡಿಕ್ಕಿ ಹೊಡೆಯಬಹುದು. ಮುಗಿದ ಮೇಲೆ ಅಪ್‌ಡೇಟ್-ಇನಿಟ್‌ರಾಮ್‌ಎಫ್‌ಎಸ್ -ಯು ಓಡಿಸುವುದನ್ನು ಮರೆಯಬೇಡಿ, ಬೂಟಿನ ಶುರುವಿನಲ್ಲೇ ಬಳಸುವ ಚಿಕ್ಕ ಫೈಲ್ ಕಟ್ಟಿಗೂ (ಇನಿಟ್‌ರಾಮ್‌ಎಫ್‌ಎಸ್) ಹೊಸ ಹೆಸರು ಸೇರಬೇಕು. ದಯವಿಟ್ಟು ಇದನ್ನು ಮಾನಿಟರ್, ಕೀಬೋರ್ಡ್ ಹಚ್ಚಿಕೊಂಡೇ ಮಾಡಿ, ಎಸ್‌ಎಸ್‌ಎಚ್‌ನಲ್ಲಿ ಬೇಡ.

ನಿಧಾನಕ್ಕೆ ಕಾರಣ ಸ್ವಾಪ್ ಇರಬೇಕು. ಎಫ್‌ಎಸ್‌ಟ್ಯಾಬ್‌ನಲ್ಲಿ ಅದರ ಸಾಲನ್ನೂ ತೆಗೆಯಿರಿ, ಇಲ್ಲದ ಡಿಸ್ಕಿಗೆ ಸಿಸ್ಟಮ್‌ಡಿ 90 ಸೆಕೆಂಡ್ ಕಾಯುತ್ತದೆ. ಇನಿಟ್‌ರಾಮ್‌ಎಫ್‌ಎಸ್-ಟೂಲ್ಸ್‌ನ ಕಾನ್ಫ್.ಡಿ ಒಳಗೆ ರೆಸ್ಯೂಮ್ ಅನ್ನುವ ಫೈಲ್ ಇದ್ದರೆ ಅದೂ ಹಳೆ ಸ್ವಾಪನ್ನು ಹುಡುಕುತ್ತದೆ, ಅಲ್ಲಿ ರೆಸ್ಯೂಮ್=ನನ್ ಅಂತ ಬರೆಯಿರಿ. ಲಾಗ್ ಡಿಸ್ಕ್ ವಾಪಸ್ ಹಾಕುವುದಾದರೆ ಆ ಸಾಲಿಗೆ ನೋಫೇಲ್ (ಡಿಸ್ಕ್ ಇಲ್ಲದಿದ್ದರೂ ಬೂಟ್ ಮುಂದುವರಿಸು) ಸೇರಿಸಿ.

ಲ್ಯಾಬ್_ಮೇಷ್ಟ್ರು:

ಆಯಿತು ಸರ್! ಮೊದಲ ಸಲ ರೀಬೂಟ್ ಮಾಡಿದಾಗ ಹೆಸರು ಬದಲಾಗಲಿಲ್ಲ, ಗಾಬರಿಯಾಯಿತು. ಇನಿಟ್‌ರಾಮ್‌ಎಫ್‌ಎಸ್ ಅಪ್‌ಡೇಟ್ ಮಾಡುವುದನ್ನೇ ಬಿಟ್ಟಿದ್ದೆ. ಮಾಡಿದ ಮೇಲೆ ವ್ಯಾನ್0, ಲ್ಯಾಬ್0, ವೈಫೈ0 ಮೂರೂ ಬಂದವು. ಇಂಟರ್‌ಫೇಸಸ್ ಫೈಲ್, ಡಿಎನ್‌ಎಸ್‌ಮಾಸ್ಕ್, ರೂಲ್‌ಗಳು, ಎಲ್ಲ ಕಡೆ ತಿದ್ದಿದೆ. ಎನ್‌ಎಫ್‌ಟಿ -ಸಿ -ಎಫ್ ಹಾಕಿ ಮೊದಲೇ ಪರೀಕ್ಷೆ ಮಾಡಿಕೊಂಡೆ. ಬೂಟ್ ಈಗ ಬೇಗ ಆಗುತ್ತಿದೆ.

ಒಂದು ಕೇಳುವುದಿತ್ತು. ರೂಲ್ ಲೋಡ್ ಆಗದಿದ್ದರೆ ಟ್ರಾಫಿಕ್ ದಾಟಲೇಬಾರದು, ಹಾಗೆ ಮಾಡಬಹುದಾ?

ಕರಾವಳಿ_ರೂಟ್:

ಮಾಡಬಹುದು ಸರ್. ಐಪಿ ಫಾರ್ವರ್ಡ್ ಸಾಲನ್ನು ಸಿಸ್‌ಸಿಟಿಎಲ್ ಫೈಲಿನಿಂದ ತೆಗೆಯಿರಿ. ಸಿಸ್ಟಮ್‌ಸಿಟಿಎಲ್ ಎಡಿಟ್ ಎನ್‌ಎಫ್‌ಟೇಬಲ್ಸ್ ಅಂತ ಕೊಟ್ಟು, ಸರ್ವಿಸ್ ಭಾಗದಲ್ಲಿ ಎಕ್ಸೆಕ್‌ಸ್ಟಾರ್ಟ್‌ಪೋಸ್ಟ್ ಎದುರು ಫಾರ್ವರ್ಡ್ ಆನ್ ಮಾಡುವ ಸಿಸ್‌ಸಿಟಿಎಲ್ ಕಮಾಂಡ್ ಬರೆಯಿರಿ. ರೂಲ್ ಲೋಡ್ ಆದರೆ ಮಾತ್ರ ಅದು ಓಡುತ್ತದೆ. ನಾನೂ ಮನೆಯ ಪೆಟ್ಟಿಗೆಯಲ್ಲಿ ಇಥ್0 ತೆಗೆದು ಲಿಂಕ್ ಫೈಲಿಗೆ ಬದಲಾಯಿಸುತ್ತಿದ್ದೇನೆ, ನನ್ನದರಲ್ಲೂ ಎರಡು ಪೋರ್ಟ್ ಇವೆ.

ಲ್ಯಾಬ್_ಮೇಷ್ಟ್ರು:

ಹಾಕಿದೆ. ಬೇಕಂತಲೇ ರೂಲ್ ಫೈಲಿನಲ್ಲಿ ಒಂದು ತಪ್ಪು ಬರೆದು ರೀಬೂಟ್ ಮಾಡಿ ನೋಡಿದೆ, ಲ್ಯಾಬಿನಿಂದ ಹೊರಗೆ ಪಿಂಗ್ ಹೋಗಲಿಲ್ಲ. ತಪ್ಪು ತಿದ್ದಿದ ಮೇಲೆ ಹೋಯಿತು. ಪೋರ್ಟ್‌ಗಳ ಮೇಲೆ ಮ್ಯಾಕ್ ವಿಳಾಸದ ಕೊನೆಯ ನಾಲ್ಕು ಅಕ್ಷರ ಬರೆದು ಚೀಟಿ ಅಂಟಿಸಿದ್ದೇನೆ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.