ಟೊರಾಂಟೊದ ಮಗಳ ಮನೆಯಂಗಳಕ್ಕೆ ಯಾವ ಹೂ?

ಜಯಲಕ್ಷ್ಮೀಪುರಂ, ಮೈಸೂರು:
ಏಪ್ರಿಲ್ ಕೊನೆಗೆ ಟೊರಾಂಟೊದಲ್ಲಿರುವ ಮಗಳ ಮನೆಗೆ ಹೊರಟಿದ್ದೇನೆ, ಅಕ್ಟೋಬರ್ ಕೊನೆಯವರೆಗೆ ಅಲ್ಲಿಯೇ ಇರುತ್ತೇನೆ. ಮನೆಯ ಮುಂದೆ ಜಾಗವಿದೆ, ಬರೀ ಹುಲ್ಲು. ಇಲ್ಲಿ ಕನಕಾಂಬರ, ಸೇವಂತಿಗೆ ಬೆಳೆಸಿದ ಕೈ ಅಲ್ಲಿ ಸುಮ್ಮನಿರುವುದಿಲ್ಲ. ಆ ಚಳಿಯ ಊರಿನಲ್ಲಿ ಬಣ್ಣಬಣ್ಣದ ಹೂ ಕಾಣಲು ಏನು ಮಾಡಬೇಕು? ಇಲ್ಲಿಂದ ಬೀಜ ಒಯ್ಯಲೇ? ಹೋಗಿ ಬಂದವರು ತಿಳಿಸಿ.

ಕುವೆಂಪುನಗರ:
ಹೆದರಬೇಡಿ ಅಕ್ಕ. ಜೂನ್‌ನಲ್ಲಿ ಅಲ್ಲಿ ಹಗಲು ಹದಿನೈದು ಗಂಟೆಗೂ ಹೆಚ್ಚು. ಗಿಡಗಳ ಅವಸರ ನೋಡಿದರೆ ನಮ್ಮೂರಿನವು ಸೋಮಾರಿ ಅನ್ನಿಸುತ್ತವೆ. ಎಚ್ಚರ ಬೇಕಾದದ್ದು ಮೇ ತಿಂಗಳ ರಾತ್ರಿಗಳಲ್ಲಿ. ಹಗಲು ಎಳೆಬಿಸಿಲು ಹಿತವಾಗಿರುತ್ತದೆ, ರಾತ್ರಿ ಸೊನ್ನೆ ಡಿಗ್ರಿಗೆ ಇಳಿದರೆ ಎಲೆಯೊಳಗಿನ ನೀರು ಹೆಪ್ಪುಗಟ್ಟಿ, ಬೆಳಗ್ಗೆ ಚೆಂಡುಹೂವಿನ ಸಸಿ ಬೇಯಿಸಿದ ಸೊಪ್ಪಿನಂತೆ ಜೋತುಬಿದ್ದಿರುತ್ತದೆ. ಅದಕ್ಕೇ ಅಲ್ಲಿಯವರು ವಿಕ್ಟೋರಿಯಾ ಡೇ, ಅಂದರೆ ಮೇ 25ಕ್ಕೆ ಮುಂಚಿನ ಸೋಮವಾರ, ಬರುವವರೆಗೆ ಇಂಥ ಸಸಿಗಳನ್ನು ನೆಲಕ್ಕೆ ಇಳಿಸುವುದಿಲ್ಲ.

ಏಪ್ರಿಲ್ ಮೊದಲ ವಾರದಲ್ಲೇ ಮಗಳಿಗೆ ಹೇಳಿ ಕಿಟಕಿಯ ಬಳಿ ಸಣ್ಣ ಲೋಟಗಳಲ್ಲಿ ಚೆಂಡುಹೂವಿನ ಬೀಜ ಹಾಕಿಸಿ. ಮನೆಯೊಳಗೆ ಬೆಳೆದ ಸಸಿಯನ್ನು ಒಮ್ಮೆಗೇ ಬಿಸಿಲಿಗೆ ಇಡಬಾರದು. ಮೊದಲ ದಿನ ನೆರಳಿನಲ್ಲಿ ಒಂದೆರಡು ಗಂಟೆ, ಆಮೇಲೆ ದಿನದಿನಕ್ಕೂ ಹೆಚ್ಚಿಸುತ್ತ ವಾರ, ಹತ್ತು ದಿನ ಒಗ್ಗಿಸಬೇಕು. ಬೇಸರದ ಕೆಲಸವೇ. ಬೇಡವೆನಿಸಿದರೆ ಮೇನಲ್ಲಿ ದಿನಸಿ ಅಂಗಡಿಗಳ ಮುಂದೆಯೇ ಪೆಟೂನಿಯಾ ಸಸಿಗಳ ಟ್ರೇ ಇಟ್ಟಿರುತ್ತಾರೆ. ಕೊಂಡು ತಂದು ನೆಡಿ, ಯಾರೂ ಬೈಯುವುದಿಲ್ಲ. ಬಾಡಿದ ಹೂ ಚಿವುಟುತ್ತಿದ್ದರೆ ಸೆಪ್ಟೆಂಬರ್‌ವರೆಗೂ ಬಿಡುತ್ತದೆ.

ಬೀಜ ಒಯ್ಯುವುದು ಬೇಡ. ಬೀಜ, ಗಿಡ ಏನಿದ್ದರೂ ವಿಮಾನ ನಿಲ್ದಾಣದಲ್ಲಿ ಘೋಷಿಸಬೇಕು. ಬೇರಿಗೆ ಮಣ್ಣು ಅಂಟಿದ್ದರಂತೂ ಬಿಡುವುದೇ ಇಲ್ಲ.

ಸರಸ್ವತಿಪುರಂ:
ಮೇಲಿನ ಮಾತಿಗೆ ನನ್ನದೊಂದು ತಕರಾರು. ಜಾಗವನ್ನೆಲ್ಲ ಒಂದೇ ಬೇಸಿಗೆ ಬಾಳುವ ಗಿಡಗಳಿಗೆ ಕೊಟ್ಟರೆ, ನೀವು ಹೋಗದ ವರ್ಷ ಅಂಗಳ ಮತ್ತೆ ಬೋಳು. ಕೆಲಸಕ್ಕೆ ಹೋಗುವ ಮಗಳಿಗೆ ಪುರುಸೊತ್ತು ಎಲ್ಲಿ? ಅರ್ಧ ಜಾಗವನ್ನಾದರೂ ಪಿಯೋನಿ, ಐರಿಸ್, ಡೇಲಿಲಿ, ಎಕಿನೇಸಿಯಾಗಳಿಗೆ ಬಿಡಿ. ಚಳಿಗಾಲದಲ್ಲಿ ಮೇಲ್ಭಾಗ ಒಣಗುತ್ತದೆ, ಬೇರು ಬದುಕಿದ್ದು ವಸಂತದಲ್ಲಿ ಚಿಗುರುತ್ತದೆ. ದಪ್ಪಗೆ ಬಿದ್ದ ಹಿಮ ಬೇರಿಗೆ ಹೊದಿಕೆಯೇ ಆಗುತ್ತದೆ. ಕೊಳ್ಳುವಾಗ ಕುಂಡದ ಚೀಟಿಯಲ್ಲಿ ಚಳಿಯ ವಲಯದ ಸಂಖ್ಯೆ ನೋಡಿ (ಸಂಖ್ಯೆ ಕಡಿಮೆಯಾದಷ್ಟೂ ಚಳಿ ಹೆಚ್ಚು). ಅದು ಆ ಊರಿನ ಸಂಖ್ಯೆಯಷ್ಟೇ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಗಿಡ ಅಲ್ಲಿನ ಚಳಿ ತಡೆಯುತ್ತದೆ.

ಪಿಯೋನಿಯ ಗೆಡ್ಡೆಯ ಮೇಲಿನ ಕೆಂಪು ಮೊಳಕೆಗಳು 5 ಸೆಂಟಿಮೀಟರ್‌ಗಿಂತ ಆಳಕ್ಕೆ ಹೋಗಬಾರದು. ಹೋದರೆ ಎಲೆ ಬರುತ್ತದೆ, ಹೂ ಬರುವುದಿಲ್ಲ. ಮೊಗ್ಗಿಗೆ ಇರುವೆ ಮುತ್ತಿದರೆ ಔಷಧಿ ಹೊಡೆಯಬೇಡಿ. ಅವು ಸಿಹಿ ರಸಕ್ಕೆ ಬಂದಿರುತ್ತವೆ, ಕೆಡುಕು ಮಾಡುವುದಿಲ್ಲ.

ಮಂಡ್ಯ:
ಕಬ್ಬು ಬೆಳೆಯುವವನಿಗೆ ಟುಲಿಪ್ ಯಾಕೆ ಎಂದು ನಕ್ಕರೂ ಸರಿ, ನಾನು ಮಗನ ಮನೆಯಲ್ಲಿ ನೆಟ್ಟಿದ್ದೇನೆ. ಟುಲಿಪ್‌ಗೆ ಚಳಿ ಬೇಕೇ ಬೇಕು. ಮೂರು ತಿಂಗಳಾದರೂ ತಣ್ಣನೆಯ ಮಣ್ಣಿನಲ್ಲಿ ಮಲಗದೆ ಸರಿಯಾಗಿ ಹೂ ಬಿಡದು. ಆದ್ದರಿಂದ ನೀವು ಹೊರಡುವ ಮುನ್ನ, ಅಕ್ಟೋಬರ್‌ನಲ್ಲಿ, ಅದರ ಗೆಡ್ಡೆಗಳನ್ನು ಚೂಪು ತುದಿ ಮೇಲೆ ಮಾಡಿ 15ರಿಂದ 20 ಸೆಂಟಿಮೀಟರ್ ಆಳದಲ್ಲಿ ಹೂಳಿ. ನಮ್ಮ ಅಳಿಲು ಸೇತುವೆಗೆ ಮರಳು ಹೊತ್ತಿತು. ಅಲ್ಲಿನದು ಗೆಡ್ಡೆ ಕದಿಯುತ್ತದೆ. ಮಣ್ಣಿನ ಮೇಲೆ ಕೋಳಿಗೂಡಿನ ಜಾಲರಿ ಹಾಸಿ. ಡ್ಯಾಫೊಡಿಲ್‌ಗೆ ಆ ಕಾಟವಿಲ್ಲ, ಅದರ ಗೆಡ್ಡೆ ವಿಷ.

ಜಯಲಕ್ಷ್ಮೀಪುರಂ:
ಎಲ್ಲರಿಗೂ ವಂದನೆ. ಮಗಳು ಅಲ್ಲಿಯೇ ಯಾರಿಂದಲೋ ಒಂದು ಕನಕಾಂಬರ ಗಿಡ ಪಡೆದಿದ್ದಾಳೆ. ಅದನ್ನು ನೆಲಕ್ಕೆ ಹಾಕಬಹುದೇ?

ಕುವೆಂಪುನಗರ:
ಹಾಕಬೇಡಿ, ಕುಂಡದಲ್ಲೇ ಇರಲಿ. ಜೂನ್‌ನಿಂದ ಹೊರಗಿಡಿ; ರಾತ್ರಿ 13 ಡಿಗ್ರಿಗಿಂತ ಕೆಳಗೆ ಇಳಿಯತೊಡಗಿದ ಕೂಡಲೇ ಒಳಗೆ ತಂದು ದಕ್ಷಿಣದ ಕಿಟಕಿಗೆ ಇಡಿ. ಮಲ್ಲಿಗೆ, ತುಳಸಿಗೂ ಇದೇ ಕ್ರಮ. ಹೀಟರ್‌ನ ಒಣಗಾಳಿಗೆ ಎಲೆಯಡಿ ನುಸಿ ಹತ್ತುತ್ತದೆ. ವಾರಕ್ಕೊಮ್ಮೆ ಸ್ನಾನದ ಮನೆಗೆ ಒಯ್ದು ಎಲೆಗಳ ಕೆಳಭಾಗ ತೊಳೆಯಲು ಮಗಳಿಗೆ ಈಗಲೇ ಹೇಳಿಡಿ.